ಫಾರ್ಮ್‌ವಿಲ್ ಪಟ್ಟಣದ ಪಾಠಶಾಲೆಗಳು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿರುವ ವರ್ಜೀನಿಯಾ ಬಹು ಹಳೆಯ ಸಂಸ್ಥಾನ. ಅಲ್ಲಿ ಅಪಮ್ಯಾಟಕ್ಸ್ ಎಂಬ ನದಿಯ ದಡದಲ್ಲಿ ಫಾರ್ಮ್‌ವಿಲ್ ಎಂಬ ಸಣ್ಣ ಪಟ್ಟಣವುಂಟು. 1798ನೆಯ ಇಸವಿಯಲ್ಲಿ ನೆಲೆಗೊಂಡ ಈ ಊರು ಬಹುಕಾಲ ಹೊಗೆಸೊಪ್ಪಿನ ವ್ಯಾಪಾರದಿಂದಲೇ ಜೀವಿಸಿತು. ಸುತ್ತಲಿನ ಹೊಲಗಳಲ್ಲಿ ಬೆಳೆದ ಸೊಪ್ಪು ಇಲ್ಲಿಗೆ ಬಂದು, ಇಲ್ಲಿಂದ ದೋಣಿಗಳಲ್ಲಿ ನದಿಯ ಕೆಳಗಣ ಪೇಟೆಗಳಿಗೆ ಸಾಗುತ್ತಿದ್ದಿತು. ಪ್ರಿನ್ಸ್ ಎಡ್ವರ್ಡ್ ಎಂಬ ಕೌಂಟಿಗೆ ಇದೇ ಮುಖ್ಯಸ್ಥಳ. ಕೌಂಟಿಯೆಂದರೆ ವಿಸ್ತಾರದಲ್ಲಿ ನಮ್ಮ ಕಡೆಯ ಒಂದು ತಾಲ್ಲೂಕಿನಷ್ಟು ಎಂದು ತಿಳಿದರೆ ಸಾಕು. ಆದರೆ ಅಧಿಕಾರದಲ್ಲಿ ತಾಲ್ಲೂಕಿಗಿಂತ ಬಹಳ ಹೆಚ್ಚಿನದು. ಅಲ್ಲಿನ ಜನರು ಆರಿಸಿದ ಆಡಳಿತ ಮಂಡಲಿಯೇ ಕಂದಾಯವನ್ನು ಗೊತ್ತುಮಾಡುತ್ತದೆ. ಶಾಲೆಗಳಿಗೆ ಎಷ್ಟು ಹಣ ಕೊಡಬೇಕೆಂಬುದೂ ಅದರ ಕೈಯಲ್ಲಿದೆ. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಈ ಊರಿನ ಪಾಠಶಾಲೆಗಳ ಕಥೆಯೆಲ್ಲ ಕಡೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ವಿದ್ಯೆಯಲ್ಲಿ ಇದು ಹಿಂದುಳಿದ ಸೀಮೆಯಾಗಿರಲಿಲ್ಲ. ಪಟ್ಟಣದಿಂದ ಕೆಲವೇ ಮೈಲಿಗಳ ದೂರದಲ್ಲಿ ಹ್ಯಾಂಪ್ಡನ್-ಸಿಡ್ನಿ ಎಂಬ ಪುರುಷರ ಕಾಲೇಜು 1775ನೆಯ ಇಸವಿಯಲ್ಲಿ, ಎಂದರೆ ಅಮೆರಿಕಾ ದೇಶವು ತನ್ನ ಸ್ವಾತಂತ್ರ್ಯವನ್ನು ಸಾರುವುದಕ್ಕೂ ಮೊದಲೇ, ಪಾಠಗಳನ್ನಾರಂಭಿಸಿತು. ಪ್ಯಾಟ್ರಿಕ್ ಹೆನ್ರಿ, ಜೇಮ್ಸ್ ಮ್ಯಾಡಿಸನ್ ಮೊದಲಾದ ಪ್ರಸಿದ್ಧರು ಅದರ ಮೊದಲ ಧರ್ಮದರ್ಶಿಗಳಲ್ಲಿ ಸೇರಿದ್ದರು. ಪಟ್ಟಣದೊಳಗೇ 1839ರಲ್ಲಿ ಹೆಣ್ಣುಮಕ್ಕಳ ವಿದ್ಯಾಶಾಲೆಯೊಂದು ಸ್ಥಾಪಿತವಾಯಿತು. ಅದನ್ನು 1884ರಲ್ಲಿ ಸಂಸ್ಥಾನವು ವಹಿಸಿಕೊಂಡು ಉಪಾಧ್ಯಾಯಿನಿಯರನ್ನು ತಯಾರುಮಾಡುವ ನಾರ್ಮಲ್ ಸ್ಕೂಲನ್ನಾಗಿ ಮಾಡಿತು. ಅದೇ ಇಂದಿನ ಲಾಂಗ್‌ವುಡ್ ವಿಶ್ವವಿದ್ಯಾಲಯ. ಹೀಗೆ ಗಂಡುಮಕ್ಕಳ ಕಾಲೇಜೊಂದು, ಶಿಕ್ಷಕಿಯರನ್ನು ತಿದ್ದುವ ಶಾಲೆಯೊಂದು, ಎರಡನ್ನೂ ತನ್ನ ಬಳಿಯಲ್ಲಿಟ್ಟುಕೊಂಡ ಹಳ್ಳಿಗಾಡಿನ ಪಟ್ಟಣಗಳು ಆ ಭಾಗದಲ್ಲಿ ಬಹಳವಿರಲಿಲ್ಲ. ಊರಿನವರು ಈ ವಿಷಯದಲ್ಲಿ ಅಭಿಮಾನಪಟ್ಟುಕೊಂಡದ್ದು ಸಹಜವೇ ಸರಿ.

ಆದರೆ ಹೊಗೆಸೊಪ್ಪನ್ನು ಬೆಳೆಯುತ್ತಿದ್ದ ಕೈಗಳು ಗುಲಾಮರವು. ಆಫ್ರಿಕಾ ಖಂಡದಿಂದ ಹಿಡಿದು ತಂದ ಜನರ ಸಂತತಿಯವರಿಗೆ ಈ ವಿದ್ಯಾಶಾಲೆಗಳ ಬಾಗಿಲು ತೆರೆದಿರಲಿಲ್ಲ. ಕೌಂಟಿಯ ರಿಚರ್ಡ್ ರ್ಯಾಂಡಾಲ್ಫ್ ಎಂಬ ಯುವಕ ಜಮೀನುದಾರನು 1796ರಲ್ಲಿ ತೀರಿಕೊಂಡಾಗ, ತನ್ನ ಗುಲಾಮರನ್ನು ಬಿಡುಗಡೆಮಾಡಿ ಅವರಿಗೆ ಭೂಮಿಯನ್ನು ಕೊಡತಕ್ಕದ್ದೆಂದು ಮರಣಶಾಸನವನ್ನು ಬರೆದಿಟ್ಟಿದ್ದನು. 1810ರ ಸುಮಾರಿಗೆ ಅವರು ಫಾರ್ಮ್‌ವಿಲ್ಲಿನ ಸಮೀಪದಲ್ಲಿ ನೆಲಸಿ, ತಮ್ಮ ನೆಲೆಗೆ ಇಸ್ರೇಲ್ ಗುಡ್ಡವೆಂದು ಹೆಸರಿಟ್ಟುಕೊಂಡರು. ಅವರಲ್ಲಿ ಬೇಸಾಯಗಾರರೂ ಬಡಗಿಗಳೂ ದೋಣಿ ನಡೆಸುವವರೂ ಇದ್ದರು. ಸ್ವತಂತ್ರರಾಗಿ ಬಾಳಿ ತೋರಿಸಿದ ಇವರಿಗೂ ವಿದ್ಯೆಯ ದಾರಿ ಮಾತ್ರ ಸುಗಮವಾಗಲಿಲ್ಲ. 1831ರಲ್ಲಿ ವರ್ಜೀನಿಯಾ ಸಂಸ್ಥಾನವು ಒಂದು ಕಾಯಿದೆ ಮಾಡಿ, ಸ್ವತಂತ್ರರಾದ ಕಪ್ಪು ಜನರು ಓದುಬರಹ ಕಲಿಯುವುದಕ್ಕೆಂದು ಒಂದೆಡೆ ಸೇರುವುದನ್ನೇ ಅಪರಾಧವೆಂದು ವಿಧಿಸಿತು. ಸೇರಿದವರಿಗೆ ಛಡಿಯೇಟು, ಹಣ ಪಡೆದು ಗುಲಾಮರಿಗೆ ಕಲಿಸಿದ ಬಿಳಿಯನಿಗೆ ಜುಲ್ಮಾನೆ. ಪಡೆದ ವಿದ್ಯೆಯನ್ನು ಯಾರೂ ಅಪಹರಿಸಲಾರರೆಂದು ನಮ್ಮ ಸುಭಾಷಿತಕಾರರು ಹೊಗಳಿರುವರು. ಪಡೆಯುವ ಮೊದಲೇ ತಡೆಯುವ ಉಪಾಯವು ಅವರ ಮನಸ್ಸಿಗೆ ಹೊಳೆದಿರಲಾರದು.

1865ರ ಏಪ್ರಿಲ್ ತಿಂಗಳಲ್ಲಿ ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಸೋತ ಸೈನ್ಯದೊಡನೆ ಫಾರ್ಮ್‌ವಿಲ್ಲಿನ ಮೂಲಕವೇ ಹಿಮ್ಮೆಟ್ಟಿ, ಎರಡು ದಿನಗಳ ತರುವಾಯ ಅಪಮ್ಯಾಟಕ್ಸ್ ಕೋರ್ಟ್‌ಹೌಸ್ ಎಂಬಲ್ಲಿ ಶರಣಾಗತನಾದನು. ಗುಲಾಮಗಿರಿ ಅಳಿಯಿತು. ಅಕ್ಷರಕ್ಕಾಗಿ ಆ ಜನರಲ್ಲಿದ್ದ ಹಸಿವು ಎಂಥದೆಂಬುದನ್ನು ಈ ಕೌಂಟಿಯಲ್ಲೇ ಬೆಳೆದ ರಾಬರ್ಟ್ ರೂಸಾ ಮೋಟನ್ನರ ಬಾಲ್ಯದಿಂದ ತಿಳಿಯಬಹುದು. 1867ರಲ್ಲಿ ಹುಟ್ಟಿದ ಅವರಿಗೆ ಮೊದಲು ಅಕ್ಷರ ಕಲಿಸಿದವಳು ಜಮೀನುದಾರರ ಮನೆಯಲ್ಲಿ ಅಡುಗೆಯವಳಾಗಿದ್ದ ತಾಯಿ. ಹಗಲಿನ ದುಡಿಮೆ ಮುಗಿದ ಮೇಲೆ ರಾತ್ರಿಯ ವೇಳೆ ಗುಟ್ಟಾಗಿ ಆ ಪಾಠ ನಡೆಯುತ್ತಿದ್ದಿತು. ಅದು ಮನೆಯೊಡತಿಗೆ ತಿಳಿದಾಗ ಆಕೆ ಕೋಪಿಸಿಕೊಳ್ಳದೆ, ಪಾಠಕ್ಕೆ ತನ್ನ ಮಗಳ ನೆರವನ್ನೇ ಒದಗಿಸಿದಳು. ಈ ಹುಡುಗನು ಮುಂದೆ 1915ರಲ್ಲಿ ಬುಕರ್ ವಾಷಿಂಗ್ಟನ್ನರ ತರುವಾಯ ಟಸ್ಕೀಗಿಯ ಪ್ರಖ್ಯಾತ ವಿದ್ಯಾಸಂಸ್ಥೆಗೆ ಮುಖ್ಯಸ್ಥನಾದನು.

1869ರಲ್ಲಿ ಅಂಗೀಕೃತವಾದ ಹೊಸ ರಾಜ್ಯಾಂಗದಂತೆ ವರ್ಜೀನಿಯಾದಲ್ಲಿ ಸಾರ್ವಜನಿಕ ಪಾಠಶಾಲೆಗಳು 1870ರಲ್ಲಿ ಆರಂಭವಾದುವು. ಬಿಳಿಯರ ಮಕ್ಕಳಿಗೊಂದು, ಕಪ್ಪು ಮಕ್ಕಳಿಗೊಂದು, ಹೀಗೆ ಮೊದಲಿನಿಂದಲೇ ಎರಡು ಬಗೆ. 1902ರ ರಾಜ್ಯಾಂಗವು ಈ ಭೇದವನ್ನು ತನ್ನ ಒಂದು ವಿಧಿಯನ್ನಾಗಿಯೇ ಬರೆದುಕೊಂಡಿತು. ಅದೇ ರಾಜ್ಯಾಂಗವು ಮತ ಕೊಡಬೇಕಾದರೆ ತಲೆಗಂದಾಯವನ್ನು ಸಲ್ಲಿಸಿರಬೇಕೆಂದೂ ಇತರ ಪರೀಕ್ಷೆಗಳಲ್ಲಿ ತೇರ್ಗಡೆ ಹೊಂದಬೇಕೆಂದೂ ವಿಧಿಸಿ, ಕಪ್ಪು ಜನರಲ್ಲಿ ಬಹುಮಂದಿಯನ್ನು ಮತದಾರರ ಪಟ್ಟಿಯಿಂದ ಹೊರದೂಡಿತು. ಎರಡನ್ನೂ ಜೊತೆಯಾಗಿ ನೋಡಬೇಕು. ಶಾಲೆಯ ಹಣವನ್ನು ಗೊತ್ತುಮಾಡುವ ಮಂಡಲಿಯನ್ನು ಆರಿಸುವ ಹಕ್ಕು ಯಾರಿಗಿಲ್ಲವೋ ಅವರ ಮಕ್ಕಳ ಶಾಲೆಯ ಸೂರು ಸೋರದೆ ಇದ್ದೀತೆ?

ಫಾರ್ಮ್‌ವಿಲ್ಲಿನ ಕಪ್ಪು ಸ್ತ್ರೀಯರು 1920ರಲ್ಲಿ ಒಂದು ಸಮಾಜವನ್ನು ಕಟ್ಟಿಕೊಂಡು, ತಮ್ಮ ಮಕ್ಕಳಿಗೆ ಮೇಲಿನ ತರಗತಿಗಳನ್ನು ತೆರೆಯಬೇಕೆಂದು ಅಧಿಕಾರಿಗಳನ್ನು ಬಿಡದೆ ಬೇಡಿದರು. ಮಾರ್ತಾ ಫಾರೆಸ್ಟರ್ ಎಂಬಾಕೆ ಅದರ ಮುಂದಾಳು. ಒಂದೊಂದೇ ತರಗತಿಯಾಗಿ ಬೆಳೆದು ಬಂದ ಶಾಲೆಗೆ ಕಡೆಗೆ 1939ರಲ್ಲಿ ಇಟ್ಟಿಗೆಯ ಹೊಸ ಕಟ್ಟಡವಾಯಿತು. ಅದಕ್ಕೆ ಮೋಟನ್ನರ ಹೆಸರನ್ನಿಟ್ಟರು. ಕಟ್ಟಡವನ್ನು ಯೋಜಿಸಿದ್ದು 180 ವಿದ್ಯಾರ್ಥಿಗಳಿಗೆ. 1950ರ ಹೊತ್ತಿಗೆ ಅಲ್ಲಿ ಓದುತ್ತಿದ್ದವರು 450ಕ್ಕೂ ಮೇಲ್ಪಟ್ಟಿದ್ದರು. ಊಟದ ಕೋಣೆಯಿಲ್ಲ, ವ್ಯಾಯಾಮಶಾಲೆಯಿಲ್ಲ, ವಿಜ್ಞಾನದ ಪ್ರಯೋಗಶಾಲೆಯಿಲ್ಲ. ಬಿಳಿಯರ ಹೈಸ್ಕೂಲಿನಲ್ಲಿ ಇವೆಲ್ಲವೂ ಇದ್ದುವು. ಇನ್ನಷ್ಟು ಸ್ಥಳ ಬೇಕೆಂದು ಕೇಳಿದುದಕ್ಕೆ ಆಡಳಿತದವರು ಶಾಲೆಯ ಪಕ್ಕದಲ್ಲಿ ಮರದ ಚೌಕಟ್ಟುಗಳನ್ನು ನಿಲ್ಲಿಸಿ, ಟಾರು ಬಳಿದ ಕಾಗದವನ್ನು ಹೊದಿಸಿದ ಗುಡಿಸಲುಗಳನ್ನು ಹಾಕಿಸಿಕೊಟ್ಟರು. ದಾರಿಹೋಕರು ಅವನ್ನು ಕೋಳಿಯ ಗೂಡುಗಳೆಂದು ತಿಳಿಯುತ್ತಿದ್ದರಂತೆ. ಚಳಿಗಾಲದಲ್ಲಿ ಒಲೆಯ ಪಕ್ಕ ಕುಳಿತ ಮಕ್ಕಳು ಬೆವರುವರು. ದೂರ ಕುಳಿತವರು ಕೋಟು ತೊಟ್ಟೇ ನಡುಗುವರು. ಮಳೆ ಬಂದರೆ ಒಳಗೇ ಕೊಡೆ ಬಿಡಿಸಿಕೊಳ್ಳಬೇಕು. ಪಾಠ ಹೇಳುವ ಉಪಾಧ್ಯಾಯರೇ ಬಸ್ಸನ್ನು ನಡೆಸಿಕೊಂಡು ಬಂದು, ಒಲೆಗೆ ಬೆಂಕಿಯನ್ನೂ ಹೊತ್ತಿಸಬೇಕಾಗಿದ್ದಿತು. ಇಂಥಲ್ಲಿಯೂ ಪಾಠ ನಡೆದದ್ದು ಆ ಶಿಕ್ಷಕರ ಪುಣ್ಯ.

ಬಾರ್ಬರಾ ಜಾನ್ಸ್ ಎಂಬವಳು ಆ ಶಾಲೆಯಲ್ಲಿ ಓದುತ್ತಿದ್ದ 16 ವರ್ಷದ ಹುಡುಗಿ. ಅವಳ ಚಿಕ್ಕಪ್ಪಂದಿರಾದ ವರ್ನನ್ ಜಾನ್ಸರು ವಿದ್ವಾಂಸರೂ ನಿಷ್ಠುರ ನುಡಿಯವರೂ ಆದ ಪಾದ್ರಿಗಳು. ಮುಂದೆ ಮಾರ್ಟಿನ್ ಲೂಥರ್ ಕಿಂಗರು ಬಂದು ಸೇರಿದ ಮಾಂಟ್‌ಗೊಮರಿಯ ದೇವಾಲಯದಲ್ಲಿ ಅವರಿಗಿಂತ ಮುಂಚೆ ಇದ್ದವರು. ಒಂದು ಬೆಳಗ್ಗೆ ಬಾರ್ಬರಾಳಿಗೆ ಶಾಲೆಯ ಬಸ್ಸು ತಪ್ಪಿತು. ರಸ್ತೆಯಲ್ಲಿ ಕಾಯುತ್ತ ನಿಂತಿದ್ದಾಗ ಬಿಳಿಯ ಮಕ್ಕಳ ಬಸ್ಸು ಅರ್ಧ ಬರಿದಾಗಿಯೇ ಅವಳ ಮುಂದೆ ಹಾದುಹೋಯಿತು. ಏನಾದರೂ ಮಾಡಬೇಕೆಂದು ತಾನು ಅಂದೇ ನಿಶ್ಚಯಿಸಿದುದಾಗಿ ಅವಳು ಮುಂದೆ ಬರೆದಿರುವಳು.

1951ನೆಯ ಇಸವಿ ಏಪ್ರಿಲ್ 23ನೆಯ ತಾರೀಖು ಮುಖ್ಯೋಪಾಧ್ಯಾಯರಿಗೆ ದೂರವಾಣಿಯಲ್ಲಿ ಒಂದು ಸುದ್ದಿ ಬಂದಿತು: ಬಸ್ ನಿಲ್ದಾಣದಲ್ಲಿ ಶಾಲೆಯ ಹುಡುಗರು ತೊಂದರೆಗೆ ಸಿಕ್ಕಿಕೊಂಡಿರುವರೆಂದು. ಅವರು ಅತ್ತ ಧಾವಿಸಿದರು. ಇತ್ತ ಅವರ ಹೆಸರಿನ ಚೀಟಿಗಳು ತರಗತಿಗಳಿಗೆ ಹೋಗಿ, ಎಲ್ಲರೂ ಸಭಾಭವನಕ್ಕೆ ಬರಬೇಕೆಂದು ತಿಳಿಸಿದುವು. ತೆರೆ ಸರಿದಾಗ ವೇದಿಕೆಯ ಮೇಲೆ ಕಂಡವಳು ಬಾರ್ಬರಾ. ಶಿಕ್ಷಕರು ದಯವಿಟ್ಟು ಹೊರಗೆ ಹೋಗಬೇಕೆಂದು ಅವಳು ಕೇಳಿಕೊಂಡಳು. ಹೊಸ ಶಾಲೆ ಕಟ್ಟಿಸಿಕೊಡುವವರೆಗೆ ಯಾರೂ ತರಗತಿಗೆ ಹೋಗಬಾರದೆಂದು ಅವಳು ನುಡಿದಾಗ ಸಭೆ ಒಪ್ಪಿತು. ಗುರುಗಳಿಗೆ ಸುಳ್ಳು ಹೇಳಿ ಕಳುಹಿಸಿದುದು ಉಚಿತವೇ ಎಂದು ಶಿಷ್ಟರು ಕೇಳಬಹುದು. ಮುಖ್ಯೋಪಾಧ್ಯಾಯರು ಅಲ್ಲಿಯೇ ಇದ್ದಿದ್ದರೆ ಮುಷ್ಕರದ ಹೊಣೆಯೆಲ್ಲ ಅವರ ತಲೆಗೇ ಬರುತ್ತಿದ್ದಿತೆಂಬುದನ್ನೂ ಜೊತೆಗೆ ಆಲೋಚಿಸಬೇಕು. ಅವರು ಅಲ್ಲಿಲ್ಲದಿದ್ದರೂ ಆ ಹೊಣೆ ತಪ್ಪಲಿಲ್ಲ. ಅದೇ ವರ್ಷ ಅವರ ಕೆಲಸ ಹೋಯಿತು.

ಊರಿನ ಫರ್ಸ್ಟ್ ಬ್ಯಾಪ್ಟಿಸ್ಟ್ ದೇವಾಲಯದ ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ನರು ಮಕ್ಕಳ ಬೆಂಬಲಕ್ಕೆ ನಿಂತರು. ರಿಚ್ಮಂಡಿನಿಂದ ಆಲಿವರ್ ಹಿಲ್, ಸ್ಪಾಟ್ಸ್‌ವುಡ್ ರಾಬಿನ್ಸನ್ ಎಂಬ ವಕೀಲರು ಬಂದರು. ಬರೇ ಒಳ್ಳೆಯ ಕಟ್ಟಡಕ್ಕಾಗಿ ತಾವು ವಾದಿಸುವುದಿಲ್ಲ, ಪ್ರತ್ಯೇಕ ಶಾಲೆಗಳ ಪದ್ಧತಿಯನ್ನೇ ಪ್ರಶ್ನಿಸುವುದಾದರೆ ಮಾತ್ರ ಮುಂದುವರಿಯುವೆವೆಂದು ಅವರು ಹೇಳಿದರು. ಮಕ್ಕಳೂ ತಂದೆತಾಯಿಗಳೂ ಒಪ್ಪಿದರು. ಆ ಒಪ್ಪಿಗೆಯ ಭಾರವನ್ನು ಅರಿಯಬೇಕು: ಬಿಳಿಯರ ಜಮೀನಿನಲ್ಲಿ ಗೇಣಿಗಿದ್ದವರು, ಬಿಳಿಯರ ಬ್ಯಾಂಕಿನಲ್ಲಿ ಸಾಲ ಪಡೆದವರು ಆ ಕಾಗದಕ್ಕೆ ರುಜು ಹಾಕಿದರು. ಮೇ 23ರಂದು 117 ವಿದ್ಯಾರ್ಥಿಗಳ ಪರವಾಗಿ ವ್ಯಾಜ್ಯವು ದಾಖಲಾಯಿತು. ಪಟ್ಟಿಯಲ್ಲಿ ಮೊದಲ ಹೆಸರು ಡೊರತಿ ಡೇವಿಸ್ ಎಂಬ ಬಾಲಕಿಯದಾದುದರಿಂದ ಅದಕ್ಕೆ ಡೇವಿಸ್ ವ್ಯಾಜ್ಯವೆಂದು ಹೆಸರಾಯಿತು. ಬಾರ್ಬರಾಳನ್ನು ಅವಳ ಕ್ಷೇಮಕ್ಕಾಗಿ ಮಾಂಟ್‌ಗೊಮರಿಯಲ್ಲಿದ್ದ ಚಿಕ್ಕಪ್ಪನ ಮನೆಗೆ ಕಳುಹಿಸಿದರು.

ಮೂವರು ನ್ಯಾಯಾಧಿಪತಿಗಳ ಪೀಠವು 1952ರಲ್ಲಿ ಪ್ರತ್ಯೇಕತೆಯನ್ನು ಎತ್ತಿಹಿಡಿಯಿತು; ಕಟ್ಟಡಗಳನ್ನು ಮಾತ್ರ ಸಮವಾಗಿಸಬೇಕೆಂದಿತು. 1953ರಲ್ಲಿ ಕೌಂಟಿಯು ಬಹಳ ಹಣ ಸುರಿದು ಕಪ್ಪು ಮಕ್ಕಳಿಗೆ ಹೊಸ ಹೈಸ್ಕೂಲನ್ನು ಕಟ್ಟಿಸಿತು. ಅಲ್ಲಿಗೆ ವ್ಯಾಜ್ಯ ತಣ್ಣಗಾಗುವುದೆಂದು ಎಣಿಸಿದ್ದವರು ಮೋಸಹೋದರು. ಕ್ಯಾನ್ಸಾಸ್, ದಕ್ಷಿಣ ಕ್ಯಾರೊಲೈನಾ, ಡೆಲವೇರ್ ಮತ್ತು ರಾಜಧಾನಿ ವಾಷಿಂಗ್ಟನ್ನಿನ ವ್ಯಾಜ್ಯಗಳೊಡನೆ ಇದನ್ನೂ ಸೇರಿಸಿ ವಿಚಾರಿಸಿದ ಸರ್ವೋಚ್ಚ ನ್ಯಾಯಸ್ಥಾನವು 1954ರ ಮೇ 17ರಂದು, ವರ್ಣಭೇದದಿಂದ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿಡುವುದು ರಾಜ್ಯಾಂಗಕ್ಕೆ ವಿರುದ್ಧವೆಂದು ಏಕಕಂಠದಿಂದ ತೀರ್ಪಿತ್ತಿತು. ಬ್ರೌನ್ ತೀರ್ಪೆಂದು ಲೋಕವೆಲ್ಲ ಬಲ್ಲುದು ಇದನ್ನೇ. ಐದು ವ್ಯಾಜ್ಯಗಳಲ್ಲಿ ವಿದ್ಯಾರ್ಥಿಗಳ ಮುಷ್ಕರದಿಂದ ಹುಟ್ಟಿದ್ದು ಫಾರ್ಮ್‌ವಿಲ್ಲಿನದೊಂದೇ.

ಇಲ್ಲಿಗೆ ಕಥೆಯನ್ನು ಮುಗಿಸುವವರು ಬಹಳ. ಆದರೆ ಊರಿನ ನಿಜವಾದ ಪರೀಕ್ಷೆ ಅನಂತರದ್ದು. ವರ್ಜೀನಿಯಾದ ಪ್ರಬಲ ರಾಜಕಾರಣಿ ಹ್ಯಾರಿ ಬರ್ಡನು 1956ರಲ್ಲಿ ತೀರ್ಪನ್ನು ಸರ್ವವಿಧದಿಂದಲೂ ವಿರೋಧಿಸಬೇಕೆಂದು ಕರೆಯಿತ್ತನು. ಕೌಂಟಿಯ ಮಂಡಲಿಯು ಶಾಲೆಗಳಿಗೆ ಇಡೀ ವರ್ಷದ ಹಣವನ್ನು ಮಂಜೂರು ಮಾಡುವುದನ್ನು ಬಿಟ್ಟು ತಿಂಗಳು ತಿಂಗಳಿಗೆ ಕೊಡತೊಡಗಿತು. ಬೇಕೆಂದಾಗ ನಿಲ್ಲಿಸುವುದಕ್ಕೆ ಅನುಕೂಲವಾಗಲೆಂದು. ಮಕ್ಕಳನ್ನು ಒಟ್ಟಿಗೆ ಕೂರಿಸುವುದಕ್ಕಿಂತ ಸಾರ್ವಜನಿಕ ಶಾಲೆಗಳನ್ನೇ ಬಿಟ್ಟುಬಿಡುವುದು ಲೇಸೆಂಬ ಮನವಿಗೆ ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಬಿಳಿಯರು ರುಜು ಹಾಕಿದರು. 1959ರ ಮೇ ತಿಂಗಳಲ್ಲಿ, ಬರುವ ಸೆಪ್ಟೆಂಬರಿಗೇ ಮಕ್ಕಳನ್ನು ಸೇರಿಸಿಕೊಳ್ಳತಕ್ಕದ್ದೆಂದು ನ್ಯಾಯಸ್ಥಾನದ ಅಪ್ಪಣೆಯಾಯಿತು. ಜೂನ್ ತಿಂಗಳಲ್ಲಿ ಮಂಡಲಿಯು ಸಭೆ ಸೇರಿ, ಮುಂದಿನ ವರ್ಷದ ಆಯವ್ಯಯದಲ್ಲಿ ಶಾಲೆಗಳಿಗೆ ಕಾಸೂ ಇಲ್ಲವೆಂದು ನಿರ್ಣಯಿಸಿತು. ಗಲಭೆಯಿಲ್ಲ, ಆಯುಧವಿಲ್ಲ, ಮರ್ಯಾದಸ್ಥರು ಮೇಜಿನ ಸುತ್ತ ಕುಳಿತು ಲೆಕ್ಕದ ಪುಸ್ತಕದಿಂದ ಒಂದು ಬಾಬ್ತನ್ನು ತೆಗೆದುಹಾಕಿದರು. ಕೌಂಟಿಯ ಸಾರ್ವಜನಿಕ ಪಾಠಶಾಲೆಗಳೆಲ್ಲ ಮುಚ್ಚಿದುವು. ಐದು ವರ್ಷ ಮುಚ್ಚಿಯೇ ಇದ್ದುವು.

ಬಿಳಿಯರ ಮಕ್ಕಳಿಗೆ ಕೂಡಲೇ ಖಾಸಗಿ ಶಾಲೆಯೊಂದು ಸಿದ್ಧವಾಯಿತು. ಮೊದಲು ದೇವಾಲಯಗಳ ಕೋಣೆಗಳಲ್ಲಿಯೂ ಇತರ ಕಟ್ಟಡಗಳಲ್ಲಿಯೂ ನಡೆದು, 1961ರಲ್ಲಿ ಸ್ವಂತ ಕಟ್ಟಡವನ್ನು ಪಡೆಯಿತು. ಮೂಲಧನ ಚಂದಾಗಳಿಂದ ಬಂದಿತು. ಎರಡನೆಯ ವರ್ಷ ಸಂಸ್ಥಾನವೂ ಕೌಂಟಿಯೂ ಸಾರ್ವಜನಿಕ ಹಣದಿಂದಲೇ ಶುಲ್ಕದ ನೆರವನ್ನೂ ಕೊಟ್ಟುವು. 1961ರಲ್ಲಿ ನ್ಯಾಯಸ್ಥಾನ ಅದನ್ನು ತಡೆಯಿತು. ಶುಲ್ಕ ಕೊಡಲಾರದ ಬಡ ಬಿಳಿಯರ ಮಕ್ಕಳಲ್ಲಿ ಕೆಲವರು ಆ ಶಾಲೆಯಿಂದಲೂ ಹೊರಗುಳಿದರು. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಸುಮಾರು 1,700 ಕಪ್ಪು ಮಕ್ಕಳಿಗೆ ಶಾಲೆಯೇ ಇಲ್ಲದಾಯಿತು. ಮೇಲಿನ ತರಗತಿಯವರಲ್ಲಿ 60ರಷ್ಟು ಮಂದಿಯನ್ನು ಉತ್ತರ ಕ್ಯಾರೊಲೈನಾದ ಕಿಟ್ರೆಲ್ ಕಾಲೇಜು ಕರೆದುಕೊಂಡಿತು. ಕ್ವೇಕರ್ ಎಂಬ ಶಾಂತಿಪಂಥದವರ ಸೇವಾಸಮಿತಿಯು ಕೆಲವರನ್ನು ದೂರದ ಸಂಸ್ಥಾನಗಳ ಮನೆಗಳಲ್ಲಿಟ್ಟು ಓದಿಸಿತು. ಹದಿನೈದು ವರ್ಷದ ಹುಡುಗನು ಗುರುತಿಲ್ಲದವರ ಮನೆಯಲ್ಲಿ ಅನ್ನ ತಿಂದು ವಿದ್ಯೆ ಕಲಿಯುವುದು ನಮ್ಮವರಿಗೆ ವಾರಾನ್ನದ ನೆನಪನ್ನು ತರಬಹುದು. ಆದರೆ ವಾರಾನ್ನದ ಹುಡುಗನು ಶಾಲೆಯಿದ್ದ ಊರಿಗೆ ಹೋಗುತ್ತಿದ್ದನು. ಇವರನ್ನು ಶಾಲೆಯಿದ್ದ ಊರೇ ಹೊರಗೆ ಕಳುಹಿಸಿತು. ಕೆಲವು ಕುಟುಂಬಗಳು ಗಡಿಯಾಚೆಯ ಕೌಂಟಿಗಳಲ್ಲಿ ಬಂಧುಗಳ ಮನೆಯ ವಿಳಾಸ ಕೊಟ್ಟು ಮಕ್ಕಳನ್ನು ಸೇರಿಸಿದುವು. ಊರಿನಲ್ಲೇ ಉಳಿದವರಿಗೆ ದೇವಾಲಯಗಳ ನೆಲಮಾಳಿಗೆಗಳಲ್ಲಿ ತಾಯಂದಿರೂ ನಿವೃತ್ತ ಶಿಕ್ಷಕಿಯರೂ ಕೇಂದ್ರಗಳನ್ನು ನಡೆಸಿದರು. ಅವು ಶಾಲೆಗಳೆಂದು ಅವರೇ ಹೇಳಲಿಲ್ಲ. ಶಾಲೆಯೆಂದರೆ ಆಡಳಿತದವರು ತಮ್ಮ ಹೊಣೆ ತೀರಿತೆಂದಾರೆಂಬ ಭಯ ಅವರಿಗಿದ್ದಿತು. ದೊಡ್ಡ ಹುಡುಗರು ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಹೋದರು. ಹೋದವರಲ್ಲಿ ಬಹುಮಂದಿ ಮರಳಿ ತರಗತಿಗೆ ಬರಲೇ ಇಲ್ಲ.

ಉಪಾಧ್ಯಾಯರನ್ನು ತಯಾರುಮಾಡುವ ಕಾಲೇಜು ಇದೇ ಊರಿನ ನಡುವೆ ಇದ್ದಿತೆಂಬುದನ್ನು ಮರೆಯಲಾಗದು. ಅಲ್ಲಿನ ಚರಿತ್ರೆಯ ಪ್ರಾಧ್ಯಾಪಕ ಗಾರ್ಡನ್ ಮಾಸ್ ಎಂಬವರು ಶಾಲೆಗಳನ್ನು ಮುಚ್ಚಿದುದು ಅನ್ಯಾಯವೆಂದು ಬಹಿರಂಗವಾಗಿ ನುಡಿದರು. ಊರಿನವರು ಅವರನ್ನು ದೂರವಿಟ್ಟರು. ಸಂಸ್ಥೆಯಾಗಿ ಕಾಲೇಜು ಸುಮ್ಮನಿದ್ದಿತು. ಆ ಮೌನಕ್ಕಾಗಿ ಅದು ವಿಷಾದವನ್ನು ಪ್ರಕಟಿಸಿದ್ದು 2014ರಲ್ಲಿ.

1963ರ ಮಾರ್ಚಿಯಲ್ಲಿ ಅಮೆರಿಕಾದ ಅಟಾರ್ನಿ ಜನರಲ್ ರಾಬರ್ಟ್ ಕೆನಡಿಯವರು ಒಂದು ಭಾಷಣದಲ್ಲಿ, ಉಚಿತ ಸಾರ್ವಜನಿಕ ವಿದ್ಯಾಭ್ಯಾಸವಿಲ್ಲದ ಕೆಲವೇ ಸೀಮೆಗಳನ್ನು ಭೂಮಂಡಲದಲ್ಲಿ ಹುಡುಕಿ ಎಣಿಸುತ್ತ, ಚೀಣಾ, ಉತ್ತರ ವಿಯೆಟ್ನಾಮುಗಳ ಸಾಲಿನಲ್ಲೇ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಹೆಸರನ್ನೂ ಹೇಳಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಖಾಸಗಿ ದಾನದ ಹಣದಿಂದ ಉಚಿತ ಶಾಲೆಗಳು ತೆರೆದುವು. ನ್ಯೂಯಾರ್ಕ್ ಕಡೆಯಿಂದ ಬಂದ ನೀಲ್ ಸಲ್ಲಿವನ್ ಎಂಬವರು ಅವುಗಳ ಮೇಲ್ವಿಚಾರಕರು. 1,500ಕ್ಕೂ ಹೆಚ್ಚು ಮಕ್ಕಳು ಬಂದರು. ಅವರಲ್ಲಿ ಬಿಳಿಯರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬನು ಮಾಸ್ ಅವರ ಮಗ. ಹತ್ತು ವರ್ಷವಾಗಿದ್ದರೂ ಶಾಲೆಯ ಮೆಟ್ಟಿಲನ್ನೇ ಹತ್ತದ ಮಕ್ಕಳಿದ್ದರು. ವಯಸ್ಸಿನಂತೆ ತರಗತಿ ಮಾಡಿದರೆ ದೊಡ್ಡವರಿಗೆ ನಾಚಿಕೆ, ಕಲಿಕೆಯಂತೆ ಮಾಡಿದರೆ ಇನ್ನೂ ನಾಚಿಕೆ. ಸಲ್ಲಿವನ್ನರು ತರಗತಿಗಳೆಂಬ ಹೆಸರನ್ನೇ ತೆಗೆದುಹಾಕಿ, ಯಾರು ಎಲ್ಲಿರುವರೋ ಅಲ್ಲಿಂದ ಪಾಠ ಹೇಳಿಸಿದರು. ಬೋಧಿಸಿ ಬಲ್ಲವರಿಗೆ ಇದೆಂಥ ಶ್ರಮವೆಂಬುದು ತಿಳಿದೀತು. 1964ರ ಮೇ ತಿಂಗಳಲ್ಲಿ ಕೆನಡಿಯವರು ಶಾಲೆಗಳನ್ನು ನೋಡಲು ಬಂದಾಗ, ಹತರಾದ ಅಣ್ಣನ ಹೆಸರಿನ ಪುಸ್ತಕಾಲಯಕ್ಕೆಂದು ಮಕ್ಕಳು ಪೆನ್ನಿ ಪೆನ್ನಿಯಾಗಿ ಕೂಡಿಸಿದ ಹಣವನ್ನು ಅವರಿಗೆ ಒಪ್ಪಿಸಿದರು.

ಅದೇ ತಿಂಗಳ 25ರಂದು, ಪಾದ್ರಿ ಗ್ರಿಫಿನ್ನರ ಮನೆತನದ ಹೆಸರನ್ನು ಹೊತ್ತ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಸ್ಥಾನದ ತೀರ್ಪು ಹೊರಟಿತು. ಸಂಸ್ಥಾನದ ಉಳಿದ ಕೌಂಟಿಗಳಲ್ಲಿ ಶಾಲೆಗಳು ನಡೆಯುತ್ತಿರುವಾಗ ಇದೊಂದರಲ್ಲಿ ಮುಚ್ಚುವುದು ಸಲ್ಲದು. ಅವಶ್ಯವಾದರೆ ಕಂದಾಯ ವಿಧಿಸಿ ಶಾಲೆ ತೆರೆಯಿರೆಂದು ಮಂಡಲಿಗೆ ಅಪ್ಪಣೆ ಮಾಡುವ ಅಧಿಕಾರವು ನ್ಯಾಯಸ್ಥಾನಕ್ಕೆ ಉಂಟು ಎಂದು ನ್ಯಾಯಾಧಿಪತಿ ಹ್ಯೂಗೋ ಬ್ಲ್ಯಾಕ್ ಬರೆದರು. ಹಿಂದಿನ ತೀರ್ಪು ಭೇದವು ತಪ್ಪೆಂದಿತ್ತು. ಈ ತೀರ್ಪು ಹಣದ ಚೀಲಕ್ಕೇ ಕೈಹಾಕಿತು. ಫಾರ್ಮ್‌ವಿಲ್ಲಿನ ಮಟ್ಟಿಗೆ ಎರಡನೆಯದೇ ದೊಡ್ಡದೆನ್ನಬೇಕು. ಸೆಪ್ಟೆಂಬರಿನಲ್ಲಿ ಸಾರ್ವಜನಿಕ ಶಾಲೆಗಳು ತೆರೆದುವು. ಬಂದ ಮಕ್ಕಳೆಲ್ಲರೂ ಹೆಚ್ಚುಕಡಿಮೆ ಕಪ್ಪು ಜನರವರೇ. ಬಿಳಿಯರು ತಮ್ಮ ಖಾಸಗಿ ಶಾಲೆಯಲ್ಲೇ ಉಳಿದರು. ಆ ಶಾಲೆಯು 1978ರಲ್ಲಿ ತೆರಿಗೆಯ ವಿನಾಯಿತಿಯನ್ನು ಕಳೆದುಕೊಂಡು, 1986ರಲ್ಲಿ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಈ ಕೌಂಟಿಯಲ್ಲೇ ಬೆಳೆದು ಧನಿಕನಾದ ಫ್ಯೂಕ್ವಾ ಎಂಬವನು ದೊಡ್ಡ ಮೊತ್ತವನ್ನು ಕೊಟ್ಟ ಮೇಲೆ, 1993ರಿಂದ ಅದು ಅವನ ಹೆಸರಿನಿಂದ ನಡೆಯುತ್ತಿದೆ. ಸಾರ್ವಜನಿಕ ಶಾಲೆಗಳಿಗೂ ಬಿಳಿಯ ಮಕ್ಕಳು ಮೆಲ್ಲನೆ ಮರಳಿದರು.

ಬಾರ್ಬರಾ ಜಾನ್ಸರು ಫಿಲಡೆಲ್ಫಿಯಾದಲ್ಲಿ ಶಾಲೆಯ ಪುಸ್ತಕಭಂಡಾರಿಯಾಗಿ ಕೆಲಸಮಾಡಿ 1991ರಲ್ಲಿ ತೀರಿಕೊಂಡರು. ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನದಲ್ಲಿ ವರ್ಜೀನಿಯಾದ ಪರವಾಗಿ ನಿಂತಿದ್ದ ಸೇನಾಪತಿ ಲೀಯ ಪ್ರತಿಮೆಯನ್ನು 2020ರ ಡಿಸೆಂಬರಿನಲ್ಲಿ ತೆಗೆದು, ಆ ಸ್ಥಾನಕ್ಕೆ ಅವರ ಪ್ರತಿಮೆಯನ್ನು ಆರಿಸಲಾಯಿತು.

ಶಾಲೆ ಕಳೆದುಕೊಂಡವರಿಗೆ ಕೌಂಟಿಯು 2003ರಲ್ಲಿ ಗೌರವ ಪ್ರಶಸ್ತಿಪತ್ರಗಳನ್ನು ಕೊಟ್ಟಿತು. ಮರುವರ್ಷ ಸಂಸ್ಥಾನದ ಶಾಸನಸಭೆಯು ಅವರ ಓದಿಗಾಗಿ ವಿದ್ಯಾರ್ಥಿವೇತನದ ನಿಧಿಯನ್ನೇರ್ಪಡಿಸಿತು. 1959ರಲ್ಲಿ ಆರು ವರ್ಷದವರಾಗಿದ್ದವರು ಆಗ ಐವತ್ತು ದಾಟಿದ್ದರು. ಕೆಲವರು ಅರ್ಜಿ ಹಾಕಿ ಬೆಂಚಿನ ಮೇಲೆ ಕುಳಿತರು. 1939ರ ಇಟ್ಟಿಗೆಯ ಕಟ್ಟಡವು 1995ರವರೆಗೆ ಶಾಲೆಯಾಗಿದ್ದು ಅನಂತರ ಬರಿದಾಯಿತು. ಅದನ್ನು ಉಳಿಸಬೇಕೆಂದು ಮುಂದೆ ಬಂದವರು 1920ರಲ್ಲಿ ಮೇಲಿನ ತರಗತಿಗಳಿಗಾಗಿ ಬೇಡಿದ್ದ ಅದೇ ಸ್ತ್ರೀಸಮಾಜದವರು. ಮುಷ್ಕರವಾದ 50 ವರ್ಷಗಳಿಗೆ ಸರಿಯಾಗಿ, 2001ರ ಏಪ್ರಿಲ್ 23ರಂದು, ಅಲ್ಲಿ ವಸ್ತುಸಂಗ್ರಹಾಲಯವು ತೆರೆಯಿತು.